ಕಾಡುಕೋಳಿಯ ಶಿಕಾರಿ ನಮಗೆ ಬೇಡ

ಇಂಗ್ಲೆಂಡಿನಲ್ಲಿ ಕ್ಲಬ್ ಕಟ್ಟಿಕೊಂಡು ಫೆಸೆಂಟ್ ಹಕ್ಕಿಗಳನ್ನು ಹೊಡೆಯುವುದು ಇಂದಿಗೂ ಕಾನೂನುಬದ್ಧವೇ. ನಮಗೆ ಮಾತ್ರ ಕಾಡುಕೋಳಿ ಏಕೆ ಕೂಡದು ಎಂದು ಕೆಲವು ಬೆಳೆಗಾರ ಬಂಧುಗಳು ಕೇಳುವುದುಂಟು. ಅಲ್ಲಿ ಬೇಟೆಗೆಂದೇ ವರ್ಷವರ್ಷವೂ ಕೋಟಿಗಟ್ಟಲೆ ಮರಿಗಳನ್ನು ಸಾಕಿ ಬಿಡುತ್ತಾರೆ. ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಮಾತ್ರ ಹೊಡೆಯುತ್ತಾರೆ. ಅದೇ ಹಕ್ಕಿಕುಟುಂಬಕ್ಕೆ ಸೇರಿದ ನಮ್ಮ ಬೂದು ಕಾಡುಕೋಳಿಯನ್ನು ಯಾರೂ ಸಾಕಿ ಬಿಟ್ಟಿಲ್ಲ. ಭಾರತದ ಪರ್ಯಾಯದ್ವೀಪ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಅದಿಲ್ಲ. ಹೇಂಟೆಯೊಂದೇ ನೆಲದ ಮೇಲೆ ಕೂತು ಸುಮಾರು ಮೂರು ವಾರ ಕಾವು ಕೊಡುತ್ತದೆ. ಅದು ಉರುಳಿಗೆ ಬಿದ್ದರೆ ಇಡೀ ಸಂಸಾರವೇ ಮುಗಿದಂತೆ.

ಕಾಡಂಚಿನ ಗದ್ದೆಯಲ್ಲಿ ಈ ಹಕ್ಕಿ ಒಂದಿಷ್ಟು ಕಾಳು ತಿನ್ನುವುದು ನಿಜ. ಆದರೆ ತೋಟದ ದರಗು ಕೆದಕಿ ಗೆದ್ದಲು, ಹುಳುಹುಪ್ಪಟೆಗಳನ್ನು ಹೆಕ್ಕುವುದೂ ಅದೇ. ಈ ಲೆಕ್ಕವನ್ನೂ ನಾವು ಬರೆದಿಟ್ಟುಕೊಳ್ಳಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗುಂಡು ಹೊಡೆಯುವುದಷ್ಟೇ ಅಲ್ಲ, ಉರುಳು ಒಡ್ಡುವುದೂ ಮೊಟ್ಟೆ ತೆಗೆಯುವುದೂ ಬೇಟೆಯೇ. ಸ್ವಂತ ತೋಟವೆಂಬ ಕಾರಣಕ್ಕೆ ರಿಯಾಯಿತಿಯಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ: ಬೇಲಿ ಸವರುವಾಗ ಕಂಡ ಉರುಳನ್ನು ಕಿತ್ತುಹಾಕೋಣ, ಆಳುಗಳಿಗೂ ತಿಳಿಹೇಳೋಣ. ನೆಂಟರು ಕೋವಿ ಹಿಡಿದು ಬಂದರೆ ಹೊಟ್ಟೆ ತುಂಬ ಊಟ ಹಾಕಿ ಕಳಿಸೋಣ. ತೋಟದೊಳಗೆ ಶಿಕಾರಿಗೆ ಬಿಡುವುದು ಮಾತ್ರ ಬೇಡ.