ಸ್ಕೋರುಪುಸ್ತಕ ತೋರಿಸಿ, ಸ್ವಾಮಿ

ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ಈಚೆಗೆ ಹೊಸದೊಂದು ಚಿಂತೆ ಕಾಲಿಟ್ಟಿದೆ. ಹುಡುಗನನ್ನು ಯಾವ ಶಾಲೆಗೆ ಹಾಕಬೇಕೆಂಬುದು ಹಳೆಯ ಚಿಂತೆ. ಅದು ಅವನಿಗೆ ಮೂರು ವರ್ಷ ತುಂಬುವುದರೊಳಗೆ ತೀರಿಹೋಗುತ್ತದೆ. ಅವನನ್ನು ಯಾವ ಕ್ರಿಕೆಟ್ ಲೀಗಿನಲ್ಲಿ ಆಡಿಸಬೇಕೆಂಬುದು ಹೊಸ ಚಿಂತೆ. ಮದುವೆಮನೆಯ ಪಂಕ್ತಿಯಲ್ಲಿ, ಮೈದಾನದ ಬೇಲಿಯ ಹೊರಗೆ ಕಾರಿಗೆ ಒರಗಿ ನಿಂತ ತಂದೆಯರ ಗುಂಪಿನಲ್ಲಿ ಇದೇ ಮಾತು. "ಇನ್ನೂ ಆ ಕ್ಲಬ್ಬಿನಲ್ಲೇ ಬಿಟ್ಟಿದ್ದೀರಾ? ಮೇಲಿನ ಲೀಗಿಗೆ ಬದಲಾಯಿಸಿಬಿಡಿ. ಈ ವರ್ಷ ತಪ್ಪಿದರೆ ತಡವಾಯಿತು." ಶಸ್ತ್ರಚಿಕಿತ್ಸೆಗೆ ಅವಸರಪಡಿಸುವ ವೈದ್ಯರ ಗಾಂಭೀರ್ಯ ಆ ಧ್ವನಿಯಲ್ಲಿರುತ್ತದೆ. ರೋಗಿಯ ವಯಸ್ಸು ಹನ್ನೊಂದು.

ಈ ಉಪದೇಶ ತಪ್ಪು. ಇದರಿಂದ ಮಕ್ಕಳಿಗೆ ನಷ್ಟ, ಲಾಭ ಶುಲ್ಕ ವಸೂಲು ಮಾಡುವವರಿಗೆ ಮಾತ್ರ ಎಂಬುದು ನನ್ನ ವಾದ. ನಾನು ಕ್ರಿಕೆಟ್ ಪಂಡಿತನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ನನಗೂ ಹನ್ನೊಂದು ವರ್ಷದ ಮಗನಿದ್ದಾನೆ, ಅವನು ಆಫ್ ಸ್ಪಿನ್ ಹಾಕುತ್ತಾನೆ, ನಮ್ಮ ಮನೆ ಬಾಗಿಲಿಗೂ ಉಪದೇಶಕರು ಬಂದಿದ್ದಾರೆ. ಬಂದ ಮಹನೀಯರು ಒಂದು ಅಕಾಡೆಮಿಯವರು. "ಮೇಷ್ಟ್ರೇ, ನಿಮ್ಮ ಹುಡುಗನ ಕೈಯಲ್ಲಿ ಕಲೆ ಇದೆ, ಮ್ಯಾಟಿಂಗ್ ಮೇಲೆ ಆಡಿಸಿ ಹಾಳುಮಾಡಬೇಡಿ" ಎಂದರು. ಬಣ್ಣದ ಉಡುಪು, ಹುಲ್ಲಿನ ಪಿಚ್ಚು, ಮೊಬೈಲಿನಲ್ಲಿ ಪಂದ್ಯದ ನೇರಪ್ರಸಾರ, ಬೆನ್ನ ಮೇಲೆ ಹುಡುಗನ ಹೆಸರು. ಶುಲ್ಕದ ಅಂಕಿಯನ್ನು ಕೊನೆಗೆ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು. ಅದು ನನ್ನ ಎರಡು ತಿಂಗಳ ಸಂಬಳಕ್ಕೆ ಹೆಚ್ಚು ಕಡಮೆಯಿರಲಿಲ್ಲ.

ಹುಡುಗನ ಕೈಯನ್ನು ಅಳೆಯುವ ವಿದ್ಯೆ ನನಗಿಲ್ಲ. ಆದರೆ ಪುಸ್ತಕ ಓದುವುದು ನನ್ನ ವೃತ್ತಿ, ಸ್ಕೋರುಪುಸ್ತಕವೂ ಒಂದು ಪುಸ್ತಕವೇ. ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಕಳೆದ ವರ್ಷ ಅರ್ಧ ಪಂದ್ಯಗಳಿಗೆ ಬರೆದವಳು ನನ್ನ ಹೆಂಡತಿ. ಒಂದು ಸಂಜೆ ಕುಳಿತು ಇಡೀ ವರ್ಷದ ಹನ್ನೆರಡು ಪಂದ್ಯಗಳನ್ನು ಕೂಡಿ ನೋಡಿದೆವು. ತಂಡದ ಹದಿನಾಲ್ಕು ಹುಡುಗರಲ್ಲಿ ನೂರು ಚೆಂಡನ್ನಾದರೂ ಎದುರಿಸದವರು ಇಬ್ಬರೇ. ಆ ಇಬ್ಬರೂ ಬೌಲರುಗಳು. ನನ್ನ ಮಗ 46 ಓವರು ಹಾಕಿದ್ದ, 211 ಚೆಂಡು ಆಡಿದ್ದ. ತಂಡ ಗೆದ್ದದ್ದು ನಾಲ್ಕು ಪಂದ್ಯ ಮಾತ್ರ. ಅದನ್ನೂ ಹೇಳಿಬಿಡಬೇಕು.

ಅನಂತರ ಮೂರು ಭಾನುವಾರ ಆ ಮೇಲಿನ ಲೀಗಿನ ಪಂದ್ಯಗಳನ್ನು ನೋಡಿಬಂದೆ. ಇಪ್ಪತ್ತು ಓವರಿನ ಆಟವೆಂದರೆ ಒಂದು ಕಡೆಗೆ 120 ಚೆಂಡು. ಮೀಸೆ ಚಿಗುರಿದ್ದ ಇಬ್ಬರು ಹುಡುಗರು ಆರಂಭಕ್ಕೆ ಬಂದು ಎಂಬತ್ತು ತೊಂಬತ್ತು ಚೆಂಡುಗಳನ್ನು ತಾವೇ ಮುಗಿಸಿದರು. ಬೌಲಿಂಗಿಗೂ ಅವರೇ ಮೊದಲು. ಎಂಟನೆಯ, ಒಂಬತ್ತನೆಯ ಹುಡುಗರು ಕಾಲಿಗೆ ಪ್ಯಾಡು ಕಟ್ಟಿ ಕುಳಿತವರು ಕಟ್ಟಿಕೊಂಡೇ ಎದ್ದು ಹೋದರು. ಕಟ್ಟಿದ ಹಣ ಎಲ್ಲರದೂ ಒಂದೇ. ಒಬ್ಬ ಸಣ್ಣ ಹುಡುಗ ಮೂರು ಭಾನುವಾರವೂ ಬೌಂಡರಿಯ ಗೆರೆಯ ಬಳಿ ನಿಂತು ಚೆಂಡು ಹೆಕ್ಕಿ ಎಸೆಯುತ್ತಿದ್ದ. ಅವನ ತಂದೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಆ ಮಗುವಿನ ಹೆಸರು ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ಸ್ಕೋರಿನಲ್ಲಿ ಎಲ್ಲಿಯೂ ಇರಲಿಲ್ಲ.

"ಆದರೂ ಎಕ್ಸ್‌ಪೋಷರ್ ಸಿಗುತ್ತದಲ್ಲ" ಎನ್ನುತ್ತಾರೆ. ಈ ಪದಕ್ಕೆ ಕನ್ನಡದಲ್ಲಿ 'ಬಯಲಿಗೆ ಒಡ್ಡುವುದು' ಎನ್ನಬಹುದು. ಬಿಸಿಲಿಗೆ ಒಡ್ಡುತ್ತಾರೆಂಬುದು ನಿಜ. ಆಯ್ಕೆಗಾರರ ಕಣ್ಣಿಗೆ ಒಡ್ಡುತ್ತಾರೆಯೆ? ರಾಜ್ಯದ ತಂಡಗಳನ್ನು ಆರಿಸುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಅಲ್ಲಿಗೆ ಹೋಗುವ ದಾರಿ ಆ ಸಂಸ್ಥೆ ನಡೆಸುವ ಶಾಲಾ ಪಂದ್ಯಗಳು, ಅದರ ಸದಸ್ಯ ಕ್ಲಬ್ಬುಗಳ ಪಂದ್ಯಗಳು, ವಲಯದ ಪಂದ್ಯಗಳು. ಖಾಸಗಿಯವರು ತಮ್ಮ ಲೀಗಿಗೆ ಎಷ್ಟು ಭರ್ಜರಿಯಾದ ಹೆಸರಿಟ್ಟರೂ ಅಲ್ಲಿ ಹೊಡೆದ ನೂರು ಓಟ ಈ ಲೆಕ್ಕಕ್ಕೆ ಬರುವುದಿಲ್ಲ. ಬಂದರೂ, ಹದಿನಾರರ ಒಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿಗೆ ಇಡೀ ಕರ್ನಾಟಕದಿಂದ ಹೋಗುವವರು ಹದಿನೈದಿಪ್ಪತ್ತು ಮಂದಿ. ನಮ್ಮ ಬಡಾವಣೆಯ ಸುತ್ತಲಿನ ಅಕಾಡೆಮಿಗಳಲ್ಲಿ ಒಂದು ಶನಿವಾರ ಬೆಳಗ್ಗೆ ನೆಟ್ಸಿನಲ್ಲಿ ನಿಲ್ಲುವ ಹುಡುಗರೇ ಅದರ ಹತ್ತರಷ್ಟಿದ್ದಾರು.

ಆಗ ಅವರ ಕೊನೆಯ ಬಾಣ ಹೊರಗೆ ಬರುತ್ತದೆ: ತೆಂಡೂಲ್ಕರ್ ಶಾಲೆ ಬದಲಾಯಿಸಲಿಲ್ಲವೆ? ಬದಲಾಯಿಸಿದರು, ನಿಜ. ರಮಾಕಾಂತ ಅಚ್ರೇಕರ್ ಅವರ ಸಲಹೆಯಂತೆ ಬಾಂದ್ರಾದ ಶಾಲೆ ಬಿಟ್ಟು ದಾದರಿನ ಶಾರದಾಶ್ರಮ ಸೇರಿದರು. ಏಕೆ? ಅಲ್ಲಿ ಕ್ರಿಕೆಟ್ಟು ಹೆಚ್ಚಾಗಿತ್ತು, ಶಿವಾಜಿ ಪಾರ್ಕು ಹತ್ತಿರವಿತ್ತು, ದಿನವೂ ಆಡಲು ಸಿಗುತ್ತಿತ್ತು. ಒಂದು ಬೇಸಿಗೆ ರಜೆಯ 60 ದಿನಗಳಲ್ಲಿ 55 ಅಭ್ಯಾಸಪಂದ್ಯ ಆಡಿದ್ದಾಗಿ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಬದಲಾವಣೆ ಹೆಚ್ಚು ಚೆಂಡು ಆಡುವುದಕ್ಕಾಗಿ ಆದದ್ದು, ಹೆಚ್ಚು ದೊಡ್ಡ ಹೆಸರಿನ ನೆರಳಿನಲ್ಲಿ ಕೂರುವುದಕ್ಕಲ್ಲ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನೇ ಹುಡುಕಿದರೂ ಸಿಗುತ್ತಿರಲಿಲ್ಲ, ಅವರೇ ತಂದುಕೊಟ್ಟರು.

ಗೆಲ್ಲುವ ತಂಡದಲ್ಲಿದ್ದರೆ ಕಲಿಯುತ್ತಾನೆಂಬ ಇನ್ನೊಂದು ಮಾತುಂಟು. 2016ರ ಜನವರಿಯಲ್ಲಿ ಮುಂಬಯಿಯ ಬಳಿಯ ಕಲ್ಯಾಣದಲ್ಲಿ ನಡೆದ ಒಂದು ಶಾಲಾ ಪಂದ್ಯವನ್ನು ವಾಚಕರು ಮರೆತಿರಲಾರರು. ಒಬ್ಬ ಹುಡುಗ ಔಟಾಗದೆ 1009 ಓಟ ಹೊಡೆದ. ತಂಡದ ಮೊತ್ತ ಮೂರು ವಿಕೆಟ್ಟಿಗೆ 1465. ದೇಶವೇ ಚಪ್ಪಾಳೆ ತಟ್ಟಿತು, ಆ ಹುಡುಗ ಅದಕ್ಕೆ ಅರ್ಹನೂ ಹೌದು. ಎದುರಾಳಿಗಳು ಒಮ್ಮೆ 31ಕ್ಕೆ, ಇನ್ನೊಮ್ಮೆ 52ಕ್ಕೆ ಔಟಾದರು. ಎರಡು ದಿನ ಬಿಸಿಲಿನಲ್ಲಿ ಚೆಂಡಿನ ಹಿಂದೆ ಓಡಿದ ಆ ಮಕ್ಕಳು ಏನು ಕಲಿತರೆಂದು ಯಾರೂ ಕೇಳಲಿಲ್ಲ. ಅವರಿರಲಿ, ಗೆದ್ದ ತಂಡದ ಆರನೆಯ, ಏಳನೆಯ ಬ್ಯಾಟುಗಾರರು ಏನು ಕಲಿತರು? ಮೂರೇ ವಿಕೆಟ್ಟು ಬಿದ್ದಿದ್ದುವಲ್ಲ!

ಹನ್ನೊಂದನೆಯ ವಯಸ್ಸಿನಲ್ಲಿ 'ಪ್ರತಿಭೆ' ಎಂದು ನಾವು ಕರೆಯುವುದು ಬಹುಪಾಲು ಮೈಯ ಬೆಳವಣಿಗೆ ಎಂಬುದನ್ನೂ ಈ ಮಹನೀಯರು ಮರೆಮಾಚುತ್ತಾರೆ. ನಮ್ಮಲ್ಲಿ ವಯೋಮಿತಿಯ ಕ್ರಿಕೆಟ್ಟಿಗೆ ಸೆಪ್ಟೆಂಬರ್ 1 ಗಡಿ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚು ಕಡಮೆ ಒಂದು ವರ್ಷದ ಎಲುಬು. ಕೆನಡಾದ ಐಸ್ ಹಾಕಿಯಲ್ಲಿ, ಜನವರಿ 1 ಗಡಿಯಾಗಿದ್ದುದರಿಂದ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಮೇಲಿನ ತಂಡಗಳಲ್ಲಿ ತುಂಬಿಕೊಂಡಿದ್ದಾರೆಂದು ರಾಜರ್ ಬಾರ್ನ್‌ಸ್ಲಿ ಮತ್ತು ಅವರ ಸಂಗಡಿಗರು 1985ರಲ್ಲಿಯೇ ತೋರಿಸಿಕೊಟ್ಟರು. ನನ್ನ ಮಗ ಹುಟ್ಟಿದ್ದು ಜುಲೈ ತಿಂಗಳಲ್ಲಿ. ನಾನು ತಕರಾರು ಮಾಡುವುದು ಸ್ವಾಭಾವಿಕವೆಂದು ಬೇಕಾದವರು ನಗಲಿ. ಇನ್ನು ಜನ್ಮದಿನಾಂಕವನ್ನೇ ತಿದ್ದುವವರ ಮಾತು ಬೇರೆ. 2015ರ ಪಟೌಡಿ ಉಪನ್ಯಾಸದಲ್ಲಿ ನಮ್ಮ ರಾಹುಲ್ ದ್ರಾವಿಡ್ ಅವರು ವಯಸ್ಸಿನ ಈ ಮೋಸವನ್ನು ಪಂದ್ಯ ಮಾರಿಕೊಳ್ಳುವ ಮೋಸಕ್ಕೆ ಹೋಲಿಸಿದರು. ಮಂಡಳಿಯವರು ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಎಲುಬಿನ ವಯಸ್ಸು ನೋಡುವ ಕಾಲ ಬಂದಿತು. ಖಾಸಗಿ ಲೀಗಿನಲ್ಲಿ ಮೀಸೆ ಚಿಗುರಿದ ಆ ಇಬ್ಬರ ಮಣಿಕಟ್ಟನ್ನು ಯಾರು ನೋಡುತ್ತಾರೆ?

ಬಿ. ಎಸ್. ಚಂದ್ರಶೇಖರ್ ಅವರನ್ನು ನೆನೆಯಿರಿ. ಮೈಸೂರಿನಲ್ಲಿ ಹುಟ್ಟಿದ ಮಗು, ಎಳೆಯ ವಯಸ್ಸಿನಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಆ ಕೈಯಿಂದಲೇ 58 ಟೆಸ್ಟುಗಳಲ್ಲಿ 242 ವಿಕೆಟ್ಟು ತೆಗೆದರು. ಇಂದಿನ ಅಕಾಡೆಮಿಯೊಂದರ ಹತ್ತು ನಿಮಿಷದ ಟ್ರಯಲ್ಸಿನಲ್ಲಿ ಆ ತೋಳನ್ನು ಕಂಡವರು ಏನು ಹೇಳುತ್ತಿದ್ದರೆಂದು ನಾನು ಬರೆಯಬೇಕಾಗಿಲ್ಲ. 'ಈ ವರ್ಷ ತಪ್ಪಿದರೆ ತಡವಾಯಿತು' ಎನ್ನುವವರಿಗೆ ಎರಪಳ್ಳಿ ಪ್ರಸನ್ನ ಅವರ ಚರಿತ್ರೆ ಗೊತ್ತಿದೆಯೆ? 1962ರಲ್ಲಿ ಟೆಸ್ಟ್ ಆಟಗಾರರಾದವರು ವೆಸ್ಟ್ ಇಂಡೀಸಿನಿಂದ ಬಂದು ಎಂಜಿನಿಯರಿಂಗ್ ಓದು ಮುಗಿಸಲು ಕುಳಿತರು. ಮತ್ತೆ ಟೆಸ್ಟ್ ಆಡಿದ್ದು ಸುಮಾರು ಐದು ವರ್ಷದ ಮೇಲೆ. ಪ್ರಪಂಚದ ಶ್ರೇಷ್ಠ ಆಫ್ ಸ್ಪಿನ್ನರುಗಳಲ್ಲಿ ಒಬ್ಬರಾಗಲು ಅದೇನೂ ಅಡ್ಡಿಯಾಗಲಿಲ್ಲ.

ಇದು ಹಳೆಯ ಕಾಲದ ಮಾತು, ಈಗ ಸ್ಪರ್ಧೆ ಬೇರೆ ಎನ್ನುವವರು ನಾರ್ವೆಯನ್ನು ನೋಡಬೇಕು. ಸುಮಾರು 55 ಲಕ್ಷ ಜನರ ದೇಶ. ಬೆಂಗಳೂರಿನ ಅರ್ಧವೂ ಇಲ್ಲ. ಅಲ್ಲಿಯ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಆಟಕ್ಕೆ ನಿಯಮ ಕಟ್ಟಿತು. ಹನ್ನೊಂದು ವರ್ಷದವರೆಗೆ ಅಂಕಪಟ್ಟಿ, ಶ್ರೇಯಾಂಕ ಪ್ರಕಟಿಸುವಂತಿಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಹೀಗೆ 'ಕೆಟ್ಟುಹೋದ' ಮಕ್ಕಳು 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕ ತಂದರು, 2022ರಲ್ಲಿ 16 ಚಿನ್ನ. ಎರಡು ಸಲವೂ ಆ ದೇಶವೇ ಮೊದಲು. ಹಿಮ ನಮ್ಮಲ್ಲಿಲ್ಲ, ಒಪ್ಪುತ್ತೇನೆ. ತಾಳ್ಮೆಗೆ ಹಿಮ ಬೇಕಾಗಿಲ್ಲ.

ಹಾಗಾದರೆ ಮಗುವನ್ನು ಎಂದೂ ಬದಲಾಯಿಸಲೇಬಾರದೆ? ಅಂಥ ಮೂಢವಾದ ನನ್ನದಲ್ಲ. ಈಗಿರುವ ಕಡೆ ಆಡಲು ಸರದಿಯೇ ಬಾರದಿದ್ದರೆ ಬದಲಾಯಿಸಿ. ಕೋಚಿನ ಬಾಯಿ ಕೊಳಕಾಗಿದ್ದರೆ, ಕೈ ಎತ್ತುವವನಾಗಿದ್ದರೆ, ಅಂದೇ ಬದಲಾಯಿಸಿ. ಹೆಣ್ಣುಮಕ್ಕಳ ವಿಷಯವಂತೂ ಪೂರ್ತಿ ಬೇರೆ. ನಮ್ಮ ಕ್ಲಬ್ಬಿನಲ್ಲಿ ಹುಡುಗರೊಡನೆ ಆಡುವ ಒಬ್ಬಳೇ ಹುಡುಗಿಯಿದ್ದಾಳೆ. ಬಟ್ಟೆ ಬದಲಾಯಿಸಲು ಕೋಣೆಯಿಲ್ಲದ ಮೈದಾನದಲ್ಲಿ ನಾಲ್ಕು ವರ್ಷ ಆಡಿದ್ದಾಳೆ. 2025ರ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ರಾತ್ರಿ ಪಟಾಕಿ ಹೊಡೆದ ಬಡಾವಣೆಯಲ್ಲೇ ಅವಳಿಗೆ ಹುಡುಗಿಯರದೊಂದು ತಂಡವಿಲ್ಲ. ಅವಳ ತಂದೆ ತಾಯಿ ದೂರದ ಅಕಾಡೆಮಿಗೆ ಕಳುಹಿಸಲು ಯೋಚಿಸುತ್ತಿದ್ದಾರೆ. ಖಂಡಿತ ಕಳುಹಿಸಲಿ.

ಆದರೆ ನನ್ನ ಮಗನಂಥವರ ವಿಷಯದಲ್ಲಿ ಖರ್ಚಿನ ಬಾಬು ಶುಲ್ಕ ಮಾತ್ರವಲ್ಲ. ಕನಕಪುರ ರಸ್ತೆಯಾಚೆಗಿನ ಆ ಮೈದಾನಕ್ಕೆ ಹೋಗಿಬರಲು ಮೂರು ಗಂಟೆ. ಈಗಿನದಕ್ಕೆ ಸೈಕಲ್ಲಿನಲ್ಲಿ ಏಳು ನಿಮಿಷ. ಭಾನುವಾರದ ಮಧ್ಯಾಹ್ನ ಅಜ್ಜಿಯ ಮನೆಯ ಊಟ ಹೋಯಿತು, ಕಥೆಪುಸ್ತಕ ಹೋಯಿತು, ಸುಮ್ಮನೆ ಗೋಡೆಗೆ ಚೆಂಡು ಹೊಡೆಯುವ ಸುಖವೂ ಹೋಯಿತು. ಅಕಾಡೆಮಿಯವರ ಮಾತನ್ನು ಹುಡುಗನಿಗೆ ತಿಳಿಸಿ, ನಿನಗೇನನ್ನಿಸುತ್ತದೆಂದು ಕೇಳಿದೆ. ಅವನು ಪಿಚ್ಚಿನ ಬಗ್ಗೆ ಕೇಳಲಿಲ್ಲ, ಉಡುಪಿನ ಬಗ್ಗೆಯೂ ಕೇಳಲಿಲ್ಲ. "ನಮ್ಮ ಕೀಪರ್ ಬರ್ತಾನಾ ಅಪ್ಪ?" ಎಂದ. ಅವರಿಬ್ಬರೂ ಸೇರಿ ಕಳೆದ ವರ್ಷ ಆರು ಜನರನ್ನು ಸ್ಟಂಪ್ ಮಾಡಿದ್ದಾರೆ. ಪುಸ್ತಕದಲ್ಲಿದೆ.

ಲೀಗು ನಡೆಸುವವರಲ್ಲಿ ನಾನು ಕೇಳುವುದು ಇಷ್ಟೇ. ವರ್ಷದ ಕೊನೆಗೆ ಪ್ರತಿ ತಂಡದ ಪ್ರತಿ ಮಗು ಎಷ್ಟು ಚೆಂಡು ಆಡಿತು, ಎಷ್ಟು ಓವರು ಹಾಕಿತು ಎಂಬ ಪಟ್ಟಿಯನ್ನು, ಗೆದ್ದ ಕಪ್ಪುಗಳ ಚಿತ್ರದ ಪಕ್ಕದಲ್ಲಿಯೇ ಪ್ರಕಟಿಸಿ. ಎಲ್ಲವೂ ಮೊಬೈಲಿನಲ್ಲಿ ದಾಖಲಾಗಿರುವುದರಿಂದ ಇದು ಹೆಚ್ಚಿನ ಶ್ರಮದ ಕೆಲಸವಲ್ಲ. ತಂದೆ ತಾಯಿಗಳು ಶುಲ್ಕದ ಚೆಕ್ಕಿಗೆ ಸಹಿ ಹಾಕುವ ಮೊದಲು ಆ ಪಟ್ಟಿಯನ್ನು ಕೇಳಿ, ಕೆಳಗಿನ ನಾಲ್ಕು ಹೆಸರುಗಳ ಮುಂದೆ ಏನಿದೆ ಎಂದು ನೋಡಲಿ. ಮೇಲಿನ ಹೆಸರುಗಳನ್ನು ಅವರಿಗೆ ಹೇಗೂ ತೋರಿಸುತ್ತಾರೆ. ನಮ್ಮ ಮನೆಗೆ ಬಂದಿದ್ದ ಮಹನೀಯರನ್ನು ನಾನು ಆ ಪಟ್ಟಿ ಕೇಳಿ ಮೂರು ತಿಂಗಳಾಯಿತು. ಎರಡು ಸಲ ನುಣುಪು ಕಾಗದದ ಕೈಪಿಡಿ ಕಳುಹಿಸಿದ್ದಾರೆ. ಹುಡುಗನ ಹೆಸರನ್ನು ಈ ವರ್ಷವೂ ಬಡಾವಣೆಯ ಕ್ಲಬ್ಬಿನಲ್ಲೇ ಬರೆಸಿದ್ದೇನೆ. ಸ್ಕೋರು ಬರೆಯಲು ಅವನ ತಾಯಿ ಹೊಸ ಪೆನ್ಸಿಲು ತಂದಿಟ್ಟಿದ್ದಾಳೆ.