ಮನೆಮಾತಿನ ಹೆಮ್ಮೆ ಮತ್ತು ನಮ್ಮ ಯುವಜನರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಗಳ ನಮ್ಮ ಕಥೋಲಿಕ ಕುಟುಂಬಗಳ ಮಕ್ಕಳು ಇಂದು ರ‍್ಯಾಪ್ ಹಾಡುಗಳಿಗೆ ಮನಸೋತಿದ್ದಾರೆ. ಹಿರಿಯರು ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದುಂಟು. ಆ ಗದ್ದಲದೊಳಗಿನ ಕೂಗನ್ನು ಆಲಿಸದೆ ತೀರ್ಪು ನೀಡುವುದು ಸಲ್ಲದು.

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಆಫ್ರಿಕನ್ ಮೂಲದ ಯುವಜನರ ನಡುವೆ ಹುಟ್ಟಿದ ಹಿಪ್-ಹಾಪ್ ಕಲೆಯನ್ನು ಬೆಳೆಸಿದವರಲ್ಲಿ ಪೋರ್ಟೊರಿಕೊ ಮೂಲದ ತರುಣರೂ ಇದ್ದರು. ಸ್ಪ್ಯಾನಿಷ್ ಇವರ ಮನೆಮಾತು. ಕಥೋಲಿಕ ಧರ್ಮ ಇವರಲ್ಲಿ ಬಹುಮಂದಿಯ ಪರಂಪರೆ. ಇಂಗ್ಲಿಷಿನ ನಾಡಿನಲ್ಲಿ ಈ ಮನೆಮಾತೇ ಅವಮಾನಕ್ಕೆ ಕಾರಣವಾಗುತ್ತಿತ್ತು. 1990ರಲ್ಲಿ ಲಾಸ್ ಏಂಜಲೀಸಿನ ಕಿಡ್ ಫ್ರಾಸ್ಟ್ ‘ಲಾ ರಾಸಾ’ ಗೀತೆಯಲ್ಲಿ ಎರಡೂ ನುಡಿಗಳನ್ನು ಬೆರೆಸಿ ತನ್ನ ಮೆಕ್ಸಿಕನ್ ಮೂಲವನ್ನು ಎದೆಯುಬ್ಬಿಸಿ ಸಾರಿದರು. 1999ರಲ್ಲಿ ಸೈಪ್ರೆಸ್ ಹಿಲ್ ತಂಡವು ಇಂಗ್ಲಿಷಿನಲ್ಲಿ ಜನಪ್ರಿಯವಾಗಿದ್ದ ತನ್ನ ಹಾಡುಗಳನ್ನು ಸ್ಪ್ಯಾನಿಷಿನಲ್ಲಿಯೇ ಮತ್ತೆ ಹಾಡಿತು. ನಾಚಿಕೆಯ ನುಡಿ ಹೆಮ್ಮೆಯ ನುಡಿಯಾಯಿತು.

ನಮ್ಮಲ್ಲಿಯೂ ಇದೇ ಪ್ರಶ್ನೆಯಿದೆ. ಪಟ್ಟಣಕ್ಕೆ ಓದಲು ಹೋದ ಹಳ್ಳಿಯ ಹುಡುಗ ತನ್ನ ಮಂಡ್ಯದ ಮಾತನ್ನು ಅಡಗಿಸಿಕೊಳ್ಳುತ್ತಾನೆ. ನೆರೆಯ ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಅವರು 2018ರಲ್ಲಿ ‘ಬಿಗ್ ಬಾಸ್’ ಗೆದ್ದಾಗ ಕನ್ನಡ ರ‍್ಯಾಪ್ ಮನೆಮನೆಯ ಮಾತಾಯಿತು. ಕನ್ನಡದಲ್ಲಿಯೂ ಇಂದಿನ ಹಾಡು ಕಟ್ಟಬಹುದೆಂಬ ಭರವಸೆ ತರುಣರಿಗೆ ದೊರೆಯಿತು.

ನೆಲದ ನುಡಿಯ ಗೌರವ ನಮ್ಮ ಧರ್ಮಸಭೆಗೆ ಹೊಸತಲ್ಲ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಕ್ರೈಸ್ತರ ಸೇವೆಗೆ ಬಂದ ಫಾದರ್ ಅಬ್ಬೆ ದುಬೊಯಿಸ್ ಇಲ್ಲಿನ ಉಡುಪು, ಆಹಾರ, ನುಡಿಗಳನ್ನು ತಮ್ಮದಾಗಿಸಿಕೊಂಡರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಎಡೆಮಾಡಿಕೊಟ್ಟಿತು. ದೇವರ ಮುಂದೆ ಸಲ್ಲುವ ಮಾತು ಪಟ್ಟಣದವರ ಮುಂದೆ ಏಕೆ ಸಲ್ಲಬಾರದು?

ಆದರೆ ಎಚ್ಚರವೂ ಬೇಕು. ಕುಡಿತವನ್ನು ಹೊಗಳುವ, ಹೆಣ್ಣನ್ನು ಹೀಯಾಳಿಸುವ ಹಾಡುಗಳಿಗೆ ಭಾಷಾಭಿಮಾನದ ಮುಸುಕು ಹೊದಿಸಲಾಗದು. ನೆರೆಯವನ ನುಡಿಯನ್ನು ಹಳಿಯುವುದೂ ಹೆಮ್ಮೆಯಲ್ಲ, ಅಹಂಕಾರ.

ನಾಗಮಂಗಲ ತಾಲ್ಲೂಕಿನ ಮಗ ಎಚ್.ಎಲ್.ನಾಗೇಗೌಡರು ಹಳ್ಳಿಗರ ಪದಗಳನ್ನು ಬದುಕಿಡೀ ಸಂಗ್ರಹಿಸಿದರು. ಕೆ.ಆರ್.ಪೇಟೆಯ ಕಿಕ್ಕೇರಿ ಕವಿ ಕೆ.ಎಸ್.ನರಸಿಂಹಸ್ವಾಮಿಯವರನ್ನು ಕೊಟ್ಟಿತು. ಇಂತಹ ಸಿರಿಯ ಮೇಲೆ ಕುಳಿತು ನಮ್ಮ ಮಕ್ಕಳು ಎರವಲು ಸಿಟ್ಟನ್ನೇ ಹಾಡಬೇಕೆ? ತಂದೆತಾಯಂದಿರೇ, ಹಾಡು ನಿಲ್ಲಿಸೆಂದು ಗದರುವ ಮುನ್ನ ಅದರ ಅರ್ಥವನ್ನು ಕೇಳಿರಿ. ಧರ್ಮಕೇಂದ್ರದ ಹಬ್ಬದ ಸಂಜೆಯ ವೇದಿಕೆಯಲ್ಲಿ ಗದ್ದೆ, ನಾಲೆ, ಕಬ್ಬು, ದುಡಿಮೆಗಳ ಕುರಿತು ಅವರೇ ಕಟ್ಟಿದ ಹಾಡಿಗೆ ಹತ್ತು ನಿಮಿಷ ಕೊಡಿರಿ. ತನ್ನ ಮಾತಿಗೆ ನಾಚದ ಮಗು ತನ್ನ ಮನೆಗೂ ನಾಚುವುದಿಲ್ಲ.