ಯುರೋಪಿನ ಹೊಸ್ತಿಲಲ್ಲಿ ತುರ್ಕಿ: ಅಳತೆಗೋಲು ಯಾರದು?

2005ರ ಅಕ್ಟೋಬರ್ 3ರಂದು ಐರೋಪ್ಯ ಒಕ್ಕೂಟವು ಎರಡು ರಾಷ್ಟ್ರಗಳೊಂದಿಗೆ ಸದಸ್ಯತ್ವದ ಮಾತುಕತೆಗೆ ಚಾಲನೆ ನೀಡಿತು. ಒಂದು ಕ್ರೊವೇಶಿಯಾ, ಇನ್ನೊಂದು ತುರ್ಕಿ. ಕ್ರೊವೇಶಿಯಾ 2013ರ ಜುಲೈ 1ರಂದು ಒಕ್ಕೂಟದ ಸದಸ್ಯ ರಾಷ್ಟ್ರವಾಯಿತು. ತುರ್ಕಿ ಮಾತ್ರ ಹೊಸ್ತಿಲಾಚೆಯೇ ಉಳಿಯಿತು. ಮಾತುಕತೆಯ 35 ಅಧ್ಯಾಯಗಳ ಪೈಕಿ ಅದಕ್ಕೆ ತೆರೆದದ್ದು 16; ಮುಗಿದದ್ದು ವಿಜ್ಞಾನ ಮತ್ತು ಸಂಶೋಧನೆಯ ಒಂದೇ ಒಂದು ಅಧ್ಯಾಯ. 2018ರ ಜೂನ್‌ನಲ್ಲಿ ಮಾತುಕತೆ ಸ್ಥಗಿತಗೊಂಡಿದೆಯೆಂದು ಒಕ್ಕೂಟವೇ ಸಾರಿತು. ಒಂದೇ ದಿನ ಹೊರಟ ಇಬ್ಬರು ಪ್ರಯಾಣಿಕರ ನಡುವೆ ಈ ಪರಿಯ ಅಂತರವೇಕೆ?

ತುರ್ಕಿ ಯುರೋಪಿನ ಬಾಗಿಲು ತಟ್ಟಿದ್ದು ನಿನ್ನೆ ಮೊನ್ನೆಯಲ್ಲ. 1963ರಲ್ಲೇ ಅಂಕಾರಾ ಒಪ್ಪಂದಕ್ಕೆ ಸಹಿ ಬಿದ್ದಿತ್ತು. 1987ರಲ್ಲಿ ಅದು ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿತು. 1999ರಲ್ಲಿ ಅಭ್ಯರ್ಥಿ ರಾಷ್ಟ್ರವೆಂದು ಮಾನ್ಯತೆ ಪಡೆಯಿತು. ಸದಸ್ಯತ್ವದ ಷರತ್ತುಗಳನ್ನು ಒಕ್ಕೂಟವು 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ನಿಗದಿಪಡಿಸಿತ್ತು. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ, ಮುಕ್ತ ಮಾರುಕಟ್ಟೆ - ಇವೇ ಆ ಷರತ್ತುಗಳು. ಅವುಗಳಲ್ಲಿ ಎಲ್ಲಿಯೂ ಧರ್ಮದ ಉಲ್ಲೇಖವಿಲ್ಲ.

ತುರ್ಕಿ ಆ ದಾರಿಯಲ್ಲಿ ಹೆಜ್ಜೆಯಿಟ್ಟದ್ದೂ ನಿಜ. 2002ರಿಂದ 2004ರೊಳಗೆ ಅಲ್ಲಿ ಮರಣದಂಡನೆ ರದ್ದಾಯಿತು, ಕುರ್ದಿ ಭಾಷೆಯ ಪ್ರಸಾರಕ್ಕೆ ಅನುಮತಿ ದೊರೆಯಿತು, ಸರಕಾರದ ಮೇಲಿನ ಸೇನೆಯ ಹಿಡಿತ ಸಡಿಲಗೊಂಡಿತು. ಈ ಸುಧಾರಣೆಗಳಲ್ಲಿ ಬಹುಪಾಲನ್ನು ಮುಂದಕ್ಕೊಯ್ದದ್ದು ಇಸ್ಲಾಮೀ ಹಿನ್ನೆಲೆಯ ಪಕ್ಷವೊಂದರ ಸರಕಾರ ಎಂಬುದನ್ನು ಗಮನಿಸಬೇಕು.

ಆದರೆ ಯುರೋಪಿನ ನಾಯಕರ ಕೈಯಲ್ಲಿ ಇನ್ನೊಂದು ಅಳತೆಗೋಲಿತ್ತು. ಒಕ್ಕೂಟದ ಸಂವಿಧಾನ ರಚನಾ ಸಮಾವೇಶದ ಅಧ್ಯಕ್ಷರಾಗಿದ್ದ ಫ್ರಾನ್ಸಿನ ಮಾಜಿ ರಾಷ್ಟ್ರಾಧ್ಯಕ್ಷ ಜಿಸ್ಕಾರ್ ದೆಸ್ತಾಂಗ್, ತುರ್ಕಿ ಯುರೋಪಿನ ದೇಶವೇ ಅಲ್ಲ, ಅದರ ಪ್ರವೇಶ ಒಕ್ಕೂಟದ ಅಂತ್ಯವಾದೀತು ಎಂದು 2002ರಲ್ಲೇ ಹೇಳಿಬಿಟ್ಟರು. ಜರ್ಮನಿಯ ಆಂಗೆಲಾ ಮರ್ಕೆಲ್ ಸದಸ್ಯತ್ವದ ಬದಲು 'ವಿಶೇಷ ಸಹಭಾಗಿತ್ವ'ವೆಂಬ ಸಮಾಧಾನದ ಬಹುಮಾನವನ್ನು ಮುಂದಿಟ್ಟರು. ಫ್ರಾನ್ಸಿನ ಸರ್ಕೋಝಿ 2007ರಲ್ಲಿ ಅಧಿಕಾರಕ್ಕೆ ಬಂದೊಡನೆ ಮಾತುಕತೆಯ ಅಧ್ಯಾಯಗಳಿಗೇ ತಡೆಯೊಡ್ಡಿದರು. ಬಡತನವೇ ಅಡ್ಡಿಯಾಗಿದ್ದರೆ ಅದೇ 2007ರಲ್ಲಿ ರೊಮೇನಿಯಾ, ಬಲ್ಗೇರಿಯಾಗಳಿಗೆ ಬಾಗಿಲು ತೆರೆದದ್ದು ಹೇಗೆ?

ಸೈಪ್ರಸ್‌ನ ವಿಷಯವಂತೂ ಇನ್ನೂ ಸ್ಪಷ್ಟ. 2004ರ ಏಪ್ರಿಲ್‌ನಲ್ಲಿ ಆ ದ್ವೀಪದ ಏಕೀಕರಣಕ್ಕಾಗಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್‌ರ ಯೋಜನೆಯನ್ನು ಜನಮತಕ್ಕಿಡಲಾಯಿತು. ತುರ್ಕಿ ಸೈಪ್ರಿಯಟರಲ್ಲಿ ಸುಮಾರು 65 ಶೇಕಡಾ ಮಂದಿ ಅದನ್ನು ಒಪ್ಪಿದರು; ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು 76 ಶೇಕಡಾ ಮಂದಿ ತಿರಸ್ಕರಿಸಿದರು. ಒಂದು ವಾರದ ಬಳಿಕ, ಮೇ 1ರಂದು, ತಿರಸ್ಕರಿಸಿದವರ ಸರಕಾರ ಒಕ್ಕೂಟದ ಸದಸ್ಯನಾಯಿತು. ಒಪ್ಪಿದವರು ಹೊರಗುಳಿದರು. ಸೈಪ್ರಸ್ ಹಡಗುಗಳಿಗೆ ಬಂದರು ತೆರೆಯಲಿಲ್ಲವೆಂದು 2006ರಲ್ಲಿ ತುರ್ಕಿಯ 8 ಅಧ್ಯಾಯಗಳನ್ನು ತಡೆಹಿಡಿಯಲಾಯಿತು.

ಹತ್ತು ವರ್ಷಗಳ ತರುವಾಯ ಸಿರಿಯಾದ ನಿರಾಶ್ರಿತರು ಯುರೋಪಿನತ್ತ ಹೆಜ್ಜೆ ಹಾಕಿದಾಗ ಅದೇ ತುರ್ಕಿ ಅನಿವಾರ್ಯವಾಯಿತು. 2016ರ ಮಾರ್ಚ್‌ನಲ್ಲಿ ಒಟ್ಟು 600 ಕೋಟಿ ಯೂರೋಗಳ ವಾಗ್ದಾನದೊಂದಿಗೆ ಅವರನ್ನು ತಡೆಯುವ ಹೊಣೆಯನ್ನು ಅದರ ಹೆಗಲಿಗೇರಿಸಲಾಯಿತು. ಮನೆಯೊಳಗೆ ಬೇಡದವನು ಕಾವಲಿಗೆ ಬೇಕಾದನು!

ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಯುರೋಪಿನ ಇಬ್ಬಂದಿತನವನ್ನು ಖಂಡಿಸುವ ನಮ್ಮ ಸಮುದಾಯದ ವೇದಿಕೆಗಳು ಅಂಕಾರಾದ ಆಡಳಿತ ಸಾಗಿದ ದಾರಿಯ ಬಗ್ಗೆ ಏಕೆ ಮೌನ ತಾಳುತ್ತವೆ? 2016ರ ಜುಲೈ 15ರ ವಿಫಲ ಸೇನಾ ದಂಗೆ ಘೋರ ಅಪರಾಧವೇ ಸರಿ. ಅದನ್ನು ಬೀದಿಗಿಳಿದು ತಡೆದ ಜನಸಾಮಾನ್ಯರು ಅಭಿನಂದನಾರ್ಹರು. ಆದರೆ ಅದರ ನೆಪದಲ್ಲಿ ಒಂದು ಲಕ್ಷಕ್ಕೂ ಅಧಿಕ ಸರಕಾರಿ ನೌಕರರನ್ನು ತುರ್ತು ಆಜ್ಞೆಗಳ ಮೂಲಕ ವಜಾಗೊಳಿಸಿದ್ದು ಯಾವ ನ್ಯಾಯ? 2016ರಿಂದ ಸತತ ಮೂರು ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಪತ್ರಕರ್ತರನ್ನು ಸೆರೆಯಲ್ಲಿಟ್ಟ ದೇಶವೆಂದು ಪತ್ರಕರ್ತರ ರಕ್ಷಣಾ ಸಮಿತಿ ಗುರುತಿಸಿದ್ದು ತುರ್ಕಿಯನ್ನೇ. 2025ರ ಮಾರ್ಚ್‌ನಲ್ಲಿ ಇಸ್ತಾಂಬುಲ್‌ನ ಚುನಾಯಿತ ಮೇಯರ್ ಇಮಾಮೊಗ್ಲು ಜೈಲು ಸೇರಿದರು. ಉರ್ದುಗಾನ್‌ರ ಪ್ರಮುಖ ಎದುರಾಳಿಯಾಗಿದ್ದವರು ಅವರೇ.

ಇದೆಲ್ಲವೂ ಇಸ್ಲಾಮ್ ವಿರೋಧಿಗಳ ಅಪಪ್ರಚಾರ ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಬೇಕೆಂದು ಕುರ್‌ಆನ್ ಆದೇಶಿಸಿರುವಾಗ ಆ ಸುಲಭದ ದಾರಿ ವಿಶ್ವಾಸಿಗಳಿಗೆ ಮುಚ್ಚಿದೆ. ಯುರೋಪ್ ತನ್ನದೇ ಷರತ್ತುಗಳಿಗೆ ದ್ರೋಹ ಬಗೆಯಿತು ಎಂಬುದು ಸತ್ಯ. ಯುರೋಪ್ ಬಾಗಿಲು ಮುಚ್ಚಿದೊಡನೆ ಅಂಕಾರಾ ಆ ಷರತ್ತುಗಳನ್ನೇ ಕೈಬಿಟ್ಟಿತು ಎಂಬುದೂ ಅಷ್ಟೇ ಸತ್ಯ. ಚಿತ್ರಹಿಂಸೆಯ ನಿಷೇಧ, ಸ್ವತಂತ್ರ ನ್ಯಾಯಾಲಯ, ಮುಕ್ತ ಪತ್ರಿಕೆ ಇವು ಬ್ರಸೆಲ್ಸ್‌ಗೆ ತೋರಿಸಬೇಕಾದ ಸರ್ಟಿಫಿಕೇಟುಗಳೇ? ತುರ್ಕಿಯ ಪ್ರಜೆಗಳಿಗೆ ಅವು ಯುರೋಪ್ ಇದ್ದರೂ ಬೇಕು, ಇಲ್ಲದಿದ್ದರೂ ಬೇಕು.

ಈ ದೇಶದಲ್ಲಿ ಅಲ್ಪಸಂಖ್ಯಾತರಾಗಿರುವ ನಮಗೆ ಇದು ದೂರದ ಮಾತಲ್ಲ. ವಿಚಾರಣೆಯಿಲ್ಲದೆ ನಮ್ಮ ಯುವಕರು ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತಾಗ ನಾವು ನಂಬುವುದು ಸಂವಿಧಾನವನ್ನು, ನ್ಯಾಯಾಲಯವನ್ನು, ಭಯವಿಲ್ಲದೆ ಬರೆಯುವ ಪತ್ರಕರ್ತನನ್ನು. ಇಲ್ಲಿ ನಾವು ಯಾಚಿಸುವ ಹಕ್ಕು ಅಲ್ಲಿ ನಮ್ಮವರೆನಿಸಿಕೊಂಡವರ ಆಡಳಿತದಲ್ಲಿ ಕಸಿಯಲ್ಪಟ್ಟಾಗ ಚಪ್ಪಾಳೆ ತಟ್ಟಿದರೆ ನಮ್ಮ ಬೇಡಿಕೆಗೆ ಯಾರು ಬೆಲೆ ಕೊಟ್ಟಾರು? ಯುರೋಪಿನ ಅಳತೆಗೋಲು ವಕ್ರವಾಗಿದೆಯೆಂದು ಹೇಳುವ ಅರ್ಹತೆ ದೊರೆಯಬೇಕಾದರೆ ಮೊದಲು ನಮ್ಮ ಕೈಯಲ್ಲಿರುವುದು ನೇರವಾಗಿರಬೇಕು.